ಉದ್ದಪ್ಪ ಮಾಸ್ತರರ ದೋಣಿ

ಸತ್ಯಪ್ಪ ಜಾಲಿಯ ಬೊಡ್ಡೆಗಳನ್ನು ಹೊತ್ತು ತಂದು ಅಂಗಳದ ಅಂಚಿನಲ್ಲಿ ಇಳಿಸಿ, ಹಿಂದೆ ಸರಿದು ನಿಂತ. ಒಳಗಿನಿಂದ ಇಂದ್ರವ್ವ ತಂಬಿಗೆ ತಂದು ಬೊಡ್ಡೆಗಳ ಮೇಲೆ ನೀರು ಚಿಮುಕಿಸಿದಳು. ಆಮೇಲೆ ಅವಳ ಗಂಡ ಅಣ್ಣಪ್ಪ ಬಂದು ಅವನ್ನು ತಟ್ಟಿ ನೋಡಿ ಒಳಗೆ ಸಾಗಿಸಿದ. ಊರ ಹೊರಗಿನ ಕೇರಿಯವನು ಮುಟ್ಟಿದ ಕಟ್ಟಿಗೆಯ ಮೇಲೆ ನೀರು ಬಿದ್ದರೆ ಮೈಲಿಗೆ ಹೋಯಿತು. ಕಡಿದವನು, ಸೀಳಿದವನು, ಹೊತ್ತವನು ಎಲ್ಲ ಅವನೇ ಆದರೂ ಒಂದು ತಂಬಿಗೆ ನೀರಿನಲ್ಲಿ ಅದೆಲ್ಲ ತೊಳೆದುಹೋಗುತ್ತಿತ್ತು. ಬೆಳಗಾದರೆ ಲಿಂಗಪೂಜೆ ಮಾಡಿ, ಕುಲ ಕೇಳಬಾರದೆನ್ನುವ ವಚನಗಳನ್ನು ಬಾಯಿಪಾಠ ಹೇಳುವ ಮನೆ ಅದು. ವಚನ ಜಗಲಿಯ ಮೇಲೆ, ತಂಬಿಗೆ ಅಂಗಳದಲ್ಲಿ. ಎರಡಕ್ಕೂ ಎಂದೂ ಭೇಟಿಯಾಗಿರಲಿಲ್ಲ.

ಅಣ್ಣಪ್ಪ ಹುಟ್ಟು ಬಡಗಿಯಲ್ಲ. ವ್ಯಾಪಾರಸ್ಥರ ಮನೆಯ ಎರಡನೆಯ ಮಗ. ತಕ್ಕಡಿ ಹಿಡಿಯಬೇಕಾದವನು ಉಳಿ ಹಿಡಿದನೆಂದು ಬೀಗರು ಮೊದಮೊದಲು ನಕ್ಕರು. ಆದರೆ ಅವನು ಮಾಡಿದ ಗಾಡಿಗಳು ಗೋಕಾಕ, ಮೂಡಲಗಿ, ಹುಕ್ಕೇರಿಯ ಸಂತೆಗಳಲ್ಲಿ ಓಡಾಡತೊಡಗಿದ ಮೇಲೆ ನಗೆ ನಿಂತಿತು. ಅವನಿಗೆ ಕೆಲಸ ಕಲಿಸಿದವರು ಊರಿನ ಕೈಕೆಲಸದ ಸಾಲೆಯ ಉದ್ದಪ್ಪ ಮಾಸ್ತರರು. ಶಿವರಾತ್ರಿಯ ಮರುದಿನ ತೀರಿಕೊಂಡಿದ್ದರು. ಹೆಂಡತಿ ಎಂದೋ ಹೋಗಿದ್ದಳು, ಮಕ್ಕಳಿರಲಿಲ್ಲ. ಹಾಗಾಗಿ ತಲೆಗೆ ಬಟ್ಟೆ ಸುತ್ತಿಕೊಂಡು ಮಣ್ಣಿನವರೆಗೆ ಮುಂದೆ ನಡೆದವನು ಅಣ್ಣಪ್ಪನೇ.

ಅಂದು ಮೇಲವಂಕಿಯ ಅಲ್ಲಪ್ಪ ಗಾಲಿಗೆ ಅರದ ಕಡ್ಡಿ ಹಾಕಿಸಿಕೊಳ್ಳಲು ಬಂದು ಕಟ್ಟೆಯ ಮೇಲೆ ಕೂತಿದ್ದ. ಮಾತಿಗೆ ಮಾತು ಬಂದು, ಸತ್ತವರ ವಿಷಯ ಬಂತು. ಮಾಸ್ತರು ದೊಡ್ಡವರೇನೋ ಹೌದು, ಆದರೆ ಊರಿಗೆಲ್ಲ ಗಾಡಿ ಕೂಡಿಸಿದ ಕೈಗೆ ತನ್ನ ತೋಟದ ನೀರು ಹರಿಸುವ ದೋಣಿ ಕೂಡಿಸಲು ಬರಲಿಲ್ಲವಲ್ಲ ಎಂದು ಅವನು ನಕ್ಕ. ಅರಕ್ಕೆ ಬೀಳಬೇಕಾದ ಅಣ್ಣಪ್ಪನ ಮರದ ಕೊಡತಿಯ ಪೆಟ್ಟು ಎರಡು ಬಾರಿ ತಪ್ಪಿ ಬಿತ್ತು.

ಈ ಹಾಸ್ಯ ಹೊಸದಲ್ಲ. ಸಾಲೆಯ ಹಿಂದೆ ಮಾಸ್ತರರು ಒಂದು ತೋಟ ಮಾಡಿದ್ದರು. ಪೇರಲ, ಲಿಂಬೆ, ದಾಳಿಂಬೆ, ಕರಿಬೇವು, ಬೇಲಿಯುದ್ದಕ್ಕೂ ಮಲ್ಲಿಗೆ. ಮಧ್ಯಾಹ್ನ ಹುಡುಗರಿಗೆ ಮರ ಹೆರೆಯುವ ಹತ್ತರಿ ಹಿಡಿಯುವುದನ್ನು ಕಲಿಸಿದ ಕೈ ಸಂಜೆಯಾದರೆ ಗಿಡದ ಬುಡ ಕೆದರುತ್ತಿತ್ತು. ಯಾವ ಗಿಡಕ್ಕೆ ಹುಳ ಬಿದ್ದಿದೆ, ಯಾವುದು ಮುನಿಸಿಕೊಂಡಿದೆ ಎಂದು ಮಕ್ಕಳ ಸುದ್ದಿ ಹೇಳಿದಂತೆ ಹೇಳುತ್ತಿದ್ದರು. ಬಾವಿಯಿಂದ ತೋಟದ ಆ ತುದಿಯವರೆಗೆ ನೀರು ಹರಿಯಲು ಹಲಗೆ ಕೂಡಿಸಿ ಉದ್ದನೆಯ ಮರದ ದೋಣಿ ಮಾಡಿದ್ದರು. ಬಾವಿಕಟ್ಟೆಯ ಮೇಲೆ ನಿಂತು ಸೇದಿ ಸುರಿದರೆ ಗಿಡಗಿಡಕ್ಕೂ ನೀರು. ಹಿಂಗೋಡೆಯ ಹತ್ತಿರ ಬಂದಾಗ ಮಾತ್ರ ಕೊನೆಯ ಹಲಗೆಯ ಸಂದು ಬಾಯಿ ಬಿಟ್ಟು, ನೀರು ಕೆಳಗೆ ಸೋರಿ, ಗೋಡೆಯ ಕಂಡಿಯಿಂದ ಆಚೆ ಹರಿದು ಹೋಗುತ್ತಿತ್ತು. ಕತ್ತಲಾಗುವವರೆಗೂ ಮಾಸ್ತರು ಸೇದುವರು, ಅರ್ಧ ಆಚೆ ಹೋಗುವುದು. ಜನ ಚೇಷ್ಟೆ ಮಾಡಿದರೆ ಅವರದು ಒಂದೇ ಉತ್ತರ.

"ಕೈ ಮೊದಲಿನಂಗ ಇಲ್ಲೋ ತಮ್ಮಾ. ವಯಸ್ಸಾತು."

ಇದೇ ಮಾಸ್ತರು ಹುಡುಗರ ಕೆಲಸವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಎರಡು ಹಲಗೆ ಕೂಡಿದ ಕಡೆ ಎಳೆಯಷ್ಟು ಬಿಸಿಲು ತೂರಿಬಂದರೂ, ಇದರಾಗ ಸೂರ್ಯ ಕಾಣ್ತಾನ, ಬಿಚ್ಚು ಎನ್ನುತ್ತಿದ್ದರು. ಹೊಡೆದವರಲ್ಲ, ಬೈದವರಲ್ಲ. ಆ "ಬಿಚ್ಚು" ಎಂಬ ಮಾತಿಗೆ ಹುಡುಗರು ಹೊಡೆತಕ್ಕಿಂತ ಹೆಚ್ಚು ಹೆದರುತ್ತಿದ್ದರು. ಅಂಥವರ ದೋಣಿ ಸೋರುವುದನ್ನು ಕಂಡಾಗಲೆಲ್ಲ ಅಣ್ಣಪ್ಪನಿಗೆ ತನ್ನ ತಂದೆಯ ಧೋತ್ರ ಹರಿದದ್ದನ್ನು ಊರೆಲ್ಲ ನೋಡಿದಂತೆ ನಾಚಿಕೆಯಾಗುತ್ತಿತ್ತು. ಸರಿಮಾಡಿಕೊಡಲೇ ಎಂದು ಎಷ್ಟೋ ಬಾರಿ ಕೇಳಿದ್ದ. ಇರಲಿ ಬಿಡು ಎಂದು ಅವರು ಗಿಡದ ಕಡೆ ತಿರುಗಿಬಿಡುತ್ತಿದ್ದರು.

ಮಾಸ್ತರರ ನೆನಪಿಗೆ ಏನಾದರೂ ಮಾಡಬೇಕೆಂದು ಸಾಲೆಯ ಪಡಸಾಲೆಯಲ್ಲಿ ಊರು ಸೇರಿತು. ಮಾತನಾಡಿದವರೆಲ್ಲ ಮಾತನಾಡಿದರು. ಪುಣ್ಯಾತ್ಮ ಅಂದರು, ಋಷಿ ಅಂದರು. ಫೋಟೋ ಹಾಕಿಸೋಣ ಎಂದು ಒಬ್ಬರು, ಕಟ್ಟೆ ಕಟ್ಟಿಸೋಣ ಎಂದು ಇನ್ನೊಬ್ಬರು. ಅಣ್ಣಪ್ಪ ಎದ್ದು ನಿಂತು, ತೋಟ ಒಣಗಗೊಡುವುದಿಲ್ಲ, ದಿನಾ ಸಂಜೆ ನಾನೇ ನೀರು ಸೇದುತ್ತೇನೆ, ಸಾಗವಾನಿಯ ಹೊಸ ದೋಣಿ ಮಾಡಿ ಹಾಕುತ್ತೇನೆ, ಅದರಲ್ಲಿ ಹನಿ ಸೋರಿದರೆ ನನ್ನ ಕೈ ಕಡಿಯಿರಿ ಎಂದ. ಊರ ಗೌಡ ಗುರುಲಿಂಗಪ್ಪ ಒಮ್ಮೆ ತಲೆಯೆತ್ತಿ ಅವನನ್ನು ನೋಡಿದ. ಏನೋ ಹೇಳುವವನಂತೆ ಕಂಡ. ಉಳಿದವರು ಭಲೇ ಎಂದರು, ಗೌಡ ಎಲೆಗೆ ಸುಣ್ಣ ಹಚ್ಚಿಕೊಂಡ.

ಯುಗಾದಿಯ ಹೊತ್ತಿಗೆ ದೋಣಿ ಕೂತಿತು. ಅಂಥ ಕೆಲಸ ಅಣ್ಣಪ್ಪ ಹಿಂದೆ ಮಾಡಿರಲಿಲ್ಲ, ಮುಂದೆಯೂ ಮಾಡಲಿಲ್ಲ. ನೀರು ಬಿಟ್ಟಾಗ ಕೊನೆಯ ಗಿಡದವರೆಗೆ ಹೋಗಿ ಸುಮ್ಮನೆ ನಿಂತಿತು. ಹಿಂಗೋಡೆಯ ಬುಡದ ನೆಲ ಒಣಗಿತು. ಸೇದುವ ಕೆಲಸವೂ ಅರ್ಧಕ್ಕರ್ಧ ಕಡಿಮೆಯಾಯಿತು. ಹೊತ್ತು ಮುಳುಗುವ ಮೊದಲೇ ಅವನು ಹಗ್ಗ ಸುತ್ತಿಟ್ಟು ಮನೆಗೆ ಬರುತ್ತಿದ್ದ. ಇನ್ನು ಯಾರೂ ಗುರುವಿನ ಹೆಸರು ಹೇಳಿ ನಗುವುದಿಲ್ಲ ಎಂಬ ಸಮಾಧಾನಕ್ಕೆ ಊಟ ರುಚಿಸುತ್ತಿತ್ತು. ಹಳೆಯ ದೋಣಿಯ ಹಲಗೆಗಳು ಅವನ ಹಿತ್ತಲಿಗೆ ಬಂದು ಬಿದ್ದವು.

ಆ ಬೇಸಿಗೆ ಕೆಟ್ಟದಾಗಿತ್ತು. ವೈಶಾಖದಲ್ಲಿ ಕೇರಿಗೆ ವಾಂತಿಭೇದಿ ಬಂತು. ಕೇರಿಗೆ ಬಂತು ಎಂದರೆ ಊರಿಗೆ ಬಂತು ಎಂದೇನೂ ಅಲ್ಲ. ಊರಿನವರು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಆ ಕಡೆಯ ಹಾದಿ ಬಿಟ್ಟು, ದೇವಿಗೆ ಹರಕೆ ಹೊತ್ತರು. ಸತ್ಯಪ್ಪ ಕಟ್ಟಿಗೆ ತರುವುದು ನಿಂತಿತು. ಕೂಲಿ ಹೆಚ್ಚು ಬೇಕಾಗಿರಬೇಕು ಎಂದು ಅಣ್ಣಪ್ಪ ಎಣಿಸಿದ.

ಕೊನೆಗೆ ಒಂದು ಬೆಳಿಗ್ಗೆ ಸತ್ಯಪ್ಪ ಬಂದ. ಬೊಡ್ಡೆ ಇಳಿಸಿದ. ಎಂದಿನಂತೆ ಹಿಂದೆ ಸರಿಯಲಿಲ್ಲ, ಅಲ್ಲೇ ಕುಸಿದು ಕೂತ. ಯಾಕೋ ಸತ್ಯಾ ಎಂದು ಅಣ್ಣಪ್ಪ ಕೇಳಿದ. ಮಗಳು ಯಲ್ಲವ್ವ ಹೋದಳು ಎಂದು ಅವನು ಹೇಳಿದ. ಅಪ್ಪನ ಹಿಂದೆ ಪುಳ್ಳೆ ಕಟ್ಟಿಗೆಯ ಸಣ್ಣ ಹೊರೆ ಹೊತ್ತು ಬರುತ್ತಿದ್ದ ಹುಡುಗಿ. ಮೂಗಿನಲ್ಲಿ ಬೇವಿನ ಕಡ್ಡಿ ಇಟ್ಟುಕೊಂಡಿರುತ್ತಿದ್ದಳು. ಅಣ್ಣಪ್ಪನಿಗೆ ಮರುಕವಾಯಿತು, ಮರುಕದ ಜೊತೆಗೆ ಸಿಟ್ಟೂ ಬಂತು. ಹಳ್ಳದ ಕುಣಿಯಲ್ಲಿ ಎಮ್ಮೆ ಬಿದ್ದ ನೀರು ಕುಡಿದರೆ ಇನ್ನೇನಾಗುತ್ತದೆ, ಇಷ್ಟು ವರ್ಷ ಇಲ್ಲದ್ದು ಈ ವರ್ಷ ಯಾಕೆ ಅದನ್ನು ಕುಡಿದಿರಿ ಎಂದು ಗದರಿಸಿದ.

ಸತ್ಯಪ್ಪ ಹೆಗಲ ಬಟ್ಟೆಯಿಂದ ಮುಖ ಒರೆಸಿಕೊಂಡ.

"ಮಾಸ್ತರ ನೀರು ನಿಂತಿತಲ್ರಿ, ಯಪ್ಪಾ."

ಅಣ್ಣಪ್ಪನಿಗೆ ತಿಳಿಯಲಿಲ್ಲ. ಸತ್ಯಪ್ಪ ಬಿಡಿಸಿ ಹೇಳಿದ. ತೋಟದ ಹಿಂಗೋಡೆಯ ಆಚೆ ಕೇರಿ ಇದೆ. ಕಂಡಿಯ ಕೆಳಗೆ ಒಂದು ಕಲ್ಲುಬಾನಿ ಇದೆ. ದೋಣಿಯಿಂದ ಸೋರಿದ ನೀರು ಅದರಲ್ಲಿ ತುಂಬುತ್ತಿತ್ತು, ಹೆಂಗಸರು ಸಂಜೆ ಪಾಳಿ ಹಚ್ಚಿ ಒಯ್ಯುತ್ತಿದ್ದರು. ಹರಿದು ಬಂದ ನೀರು, ಬಾವಿ ಮುಟ್ಟಿದಂತಲ್ಲ, ಯಾರೂ ಕೊಟ್ಟಂತಲ್ಲ. ವರ್ಷಗಟ್ಟಲೆ ಹೀಗೆ ನಡೆದಿತ್ತು. ಬಾಯಿ ಬಿಟ್ಟ ಸಂದು ವಯಸ್ಸಾದ ಕೈಯ ತಪ್ಪಲ್ಲವೇ ಎಂದು ಅಣ್ಣಪ್ಪ ಕೇಳಿದ.

"ಒಂದ ಮಳಿಗಾಲದಾಗ ಕಟ್ಟಿಗಿ ಉಬ್ಬಿ ಸಂದು ಮುಚ್ಚಿತ್ತರಿ. ನಾ ನಮ್ಮ ಕೇರಿ ಕಡೆ ನಿಂತಿದ್ದೆ. ಕಂಡಿಯಾಗಿಂದ ನೋಡಿದ್ರ ಉಳಿ ತುದಿ ಕಾಣ್ತು. ಮಾಸ್ತರು ಕುಂತು ಅದನ್ನ ಮತ್ತ ಬಿಡಸಾಕತ್ತಿದ್ರು."

"ಮತ್ತ ನನಗ ಯಾಕ ಹೇಳಲಿಲ್ಲ? ನಾ ಹೊಸಾ ದೋಣಿ ಹಾಕಿದಾಗ ಒಂದ ಮಾತು ಹೇಳಬಾರದಿತ್ತ?"

"ಏನಂತ ಹೇಳೂದ್ರಿ? ಸೋರೂದನ್ನ ಕೇಳಾಕ ಬರತೈತೇನ್ರಿ? ಕೇಳಿದ್ರ ಅದು ಕೊಟ್ಟಂಗ ಆಗತೈತಿ. ಕೊಟ್ಟಿದ್ದು ಗೊತ್ತಾದ್ರ ಊರು ಬಿಡೂದಿಲ್ಲ."

ಅಷ್ಟರಲ್ಲಿ ಇಂದ್ರವ್ವ ರೂಢಿಯಂತೆ ತಂಬಿಗೆ ಹಿಡಿದು ಹೊರಗೆ ಬಂದಳು. ಬೊಡ್ಡೆಗಳ ಮೇಲೆ ನೀರು ಚೆಲ್ಲಲು ಕೈಯೆತ್ತಿದವಳನ್ನು ಅಣ್ಣಪ್ಪ ತಡೆದ. ಯಾಕೆಂದು ಅವಳು ಕೇಳಿದಳು. ಸಾಲೆಯ ದಿನಗಳು ಅವನ ಕಣ್ಣ ಮುಂದೆ ಬಂದಿದ್ದವು. ಇದೇ ಸತ್ಯಪ್ಪ ತಂದ ಹಲಗೆಗೆ ಹುಡುಗ ಅಣ್ಣಪ್ಪ ನೀರು ಚಿಮುಕಿಸಿ ಒಳಗೆ ತಂದಿದ್ದ. ಮಾಸ್ತರು ಬಾಗಿಲಲ್ಲಿ ನಿಂತು ನೋಡಿದ್ದರು, ಏನೂ ಅಂದಿರಲಿಲ್ಲ. ಉಳಿ ಹಿಡಿಯುವುದು, ಮರದ ವಯಸ್ಸು ಗುರುತಿಸುವುದು, ಕಸಿ ಕಟ್ಟುವುದು, ತಮಗೆ ಬರುತ್ತಿದ್ದ ಎಲ್ಲವನ್ನೂ ಅವರು ಅವನಿಗೆ ಹೇಳಿಕೊಟ್ಟರು. ಇದೊಂದನ್ನು ಮಾತ್ರ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂಬುದು ಈಗ ಅವನಿಗೆ ಗೊತ್ತಾಯಿತು. ಹಲಗೆಗೆ ನೀರು ಚಿಮುಕಿಸಿದ ಆ ಕೈಯನ್ನು ಅವರು ನೋಡಿದ್ದರು.

ಅಂದು ಅವನು ಹುಟ್ಟಿದ ಮೇಲೆ ಮೊದಲ ಸಲ ಆ ಗೋಡೆಯ ಆಚೆ ಹೋದ. ಕಲ್ಲುಬಾನಿಯ ತಳದಲ್ಲಿ ಪಾಚಿ ಒಣಗಿ ಹಕ್ಕಳೆ ಎದ್ದಿತ್ತು. ಕೊಡಗಳು ಉಜ್ಜಿ ಉಜ್ಜಿ ಬಾನಿಯ ಅಂಚು ನುಣುಪಾಗಿತ್ತು. ಸ್ವಲ್ಪ ದೂರದಲ್ಲಿ ಸತ್ಯಪ್ಪನ ಹೆಂಡತಿ ಕರೆವ್ವ ಗುಡಿಸಲ ಬಾಗಿಲಲ್ಲಿ ಕೂತಿದ್ದಳು. ಊರಿನವನು ಬಂದರೆ ಎದ್ದು ನಿಲ್ಲುವುದು ವಾಡಿಕೆ. ಅವಳು ಏಳಲಿಲ್ಲ.

ಅಲ್ಲಿಂದ ಅವನು ನೆಟ್ಟಗೆ ಗೌಡರ ಮನೆಗೆ ನಡೆದ. ಸಾಲೆಯ ಬಾವಿಯಿಂದ ಕೇರಿಗೆ ದಿನಾ ಇಷ್ಟು ನೀರು ಎಂದು ಪಂಚರು ಒಪ್ಪಬೇಕು, ಸೇದಿ ಕೊಡುವವನು ನಾನೇ, ಅವರು ಬಾವಿ ಮುಟ್ಟುವುದು ಬೇಡ ಎಂದು ಕೇಳಿಕೊಂಡ. ಕೇಳುವಾಗಲೇ ಎಷ್ಟು ಕಡಿಮೆ ಕೇಳುತ್ತಿದ್ದೇನೆ ಎಂದು ಅವನಿಗೆ ಅನ್ನಿಸಿತು. ಗುರುಲಿಂಗಪ್ಪ ಗೌಡ ಕೆಟ್ಟ ಮನುಷ್ಯನಲ್ಲ. ಕೆಟ್ಟವನಾಗಿದ್ದರೆ ಜಗಳವಾಡುವುದು ಸುಲಭವಿತ್ತು. ಅವನು ಅಣ್ಣಪ್ಪನನ್ನು ಕೂಡಿಸಿ, ಮಜ್ಜಿಗೆ ಕೊಡಿಸಿ, ಆಮೇಲೆ ಹೇಳಿದ.

"ಆ ದೋಣಿ ಯಾಕ ಸೋರತಿತ್ತು ಅಂತ ನನಗ ಗೊತ್ತಿರಲಿಲ್ಲ ಅಂತ ತಿಳದಿಯೇನು? ನಿನ್ನೊಬ್ಬನ ಬಿಟ್ಟು ಭಾಳ ಮಂದಿಗೆ ಗೊತ್ತಿತ್ತು. ಸೋರಿದ್ರ ಯಾರ ತಪ್ಪೂ ಅಲ್ಲ, ಹಂಗಂತ ಸುಮ್ಮನಿದ್ವಿ. ನೀ ಬಂದು ಕೊಡತೇನಿ ಅಂದ್ರ ನಾ ಬ್ಯಾಡ ಅನ್ನಬೇಕಾಗತೈತಿ, ತಮ್ಮಾ."

"ಹುಡಿಗಿ ಸತ್ತಾಳ್ರಿ, ಗೌಡ್ರ."

"ನನಗೂ ಮಕ್ಕಳದಾವು. ಖರೇನ ಸಂಕಟ ಆಗತೈತಿ. ಆದ್ರ ನಾಳೆ ಊರು ಕೂಡಿಸಿ ಕೇಳಿದ್ರ ಬಾವಿಗೆ ಬೀಗ ಬೀಳತೈತಿ. ಆಗ ಗಿಡಕ್ಕೂ ಇಲ್ಲ, ಅವರಿಗೂ ಇಲ್ಲ. ನೀ ಮುಚ್ಚಿದ್ದು ಒಂದು ಸಂದು ಅಷ್ಟ ಅಲ್ಲ, ನಾವೆಲ್ಲಾ ಕಣ್ಣು ಮುಚ್ಚಿಕೊಂಡಿರಾಕ ಇದ್ದ ದಾರಿ ಅದು."

ಮಾಸ್ತರರನ್ನು ಋಷಿ ಎಂದು ಕರೆದ ಸಭೆಯಲ್ಲಿ ಆ ಋಷಿ ಏನು ಮಾಡುತ್ತಿದ್ದನೆಂದು ತಿಳಿದವರು ಇದ್ದರು. ತಿಳಿದೂ ಹೊಸ ದೋಣಿಗೆ ಭಲೇ ಎಂದರು. ಅಣ್ಣಪ್ಪನಿಗೆ ಅವರ ಮೇಲೆ ಹರಿಹಾಯಬೇಕೆನ್ನಿಸಿತು. ಆದರೆ ಯಾವ ಮುಖದಿಂದ? ಅವರು ಕಣ್ಣು ಮುಚ್ಚಿಕೊಂಡಿದ್ದರು, ಇವನು ನೀರನ್ನೇ ಮುಚ್ಚಿದ್ದ.

ಮನೆಗೆ ಬಂದು ಹಿತ್ತಲಲ್ಲಿ ಹುಡುಕಿದ. ಹಳೆಯ ದೋಣಿಯನ್ನೇ ತಿರುಗಿ ಹಾಕಿ, ಸಾಗವಾನಿ ಸೀಳಿತು ಎಂದರಾಯಿತು ಎಂದುಕೊಂಡಿದ್ದ. ಹಲಗೆಗಳು ಎಲ್ಲಿ ಎಂದು ಇಂದ್ರವ್ವನನ್ನು ಕೇಳಿದ. ಯುಗಾದಿಯ ಹೋಳಿಗೆಗೆ ಒಲೆಗೆ ಹಾಕಿದೆ, ಒಣ ಕಟ್ಟಿಗೆ, ಚೆನ್ನಾಗಿ ಉರಿಯಿತು ಎಂದಳು. ಅಂದು ಅವನು ಆ ಹೋಳಿಗೆಯನ್ನು ತುಪ್ಪ ಹಚ್ಚಿಕೊಂಡು ತಿಂದಿದ್ದ.

ಇನ್ನು ಉಳಿದದ್ದು ಒಂದೇ ದಾರಿ. ದೋಣಿ ಸೋರಬೇಕು. ಯಾರೋ ಬೇಕೆಂದು ಮಾಡಿದಂತೆ ಕಾಣಬಾರದು. ತೂತು ಕೊರೆದರೆ ಊರಿಗೆ ತಿಳಿಯುತ್ತದೆ. ಕೆಲಸವೇ ಕೆಟ್ಟದ್ದು, ಮಾಡಿದವನಿಗೆ ಬರುವುದಿಲ್ಲ ಎಂದು ಕಾಣಬೇಕು. ಹನಿ ಸೋರಿದರೆ ಕೈ ಕಡಿಯಿರಿ ಎಂದು ಊರ ಮುಂದೆ ಹೇಳಿದ ಕೈ ಅದು. ಆ ಕೈಯ ಹೆಸರಿನ ಮೇಲೆಯೇ ಮನೆ ನಡೆಯುತ್ತಿತ್ತು. ವ್ಯಾಪಾರ ಬಿಟ್ಟು ಬಂದವನಿಗೆ ತಿರುಗಿ ಹೋಗಲು ಅಣ್ಣನ ಅಂಗಡಿಯ ಕಟ್ಟೆಯೂ ಇರಲಿಲ್ಲ.

ಮರುದಿನ ಮಧ್ಯಾಹ್ನ ಎಲ್ಲರೂ ಬಿಸಿಲಿಗೆ ಒಳಗೆ ಸೇರಿದಾಗ ಅವನು ತೋಟಕ್ಕೆ ಹೋದ. ಕೊನೆಯ ಹಲಗೆ ಕಳಚಿ, ಸಂದು ಕೂಡುವ ಒಳಮೈಗೆ ಉಳಿ ಇಟ್ಟ. ಮೊದಲ ಸಲ ಕೆತ್ತಿದಾಗ ಕೈ ತನಗೆ ತಾನೇ ಸರಿಯಾಗಿಯೇ ಕೆತ್ತಿತು. ಇಷ್ಟು ವರ್ಷದ ಅಭ್ಯಾಸ, ತಪ್ಪು ಮಾಡು ಎಂದರೆ ಕೇಳಲಿಲ್ಲ. ಹಲ್ಲು ಕಚ್ಚಿ ಅಡ್ಡಾದಿಡ್ಡಿ ಕೆತ್ತಿದ. ಹಲಗೆ ಕೂಡಿಸಿ ಬೆಳಕಿಗೆ ಹಿಡಿದು ನೋಡಿದ. ಸಂದಿನಲ್ಲಿ ಸೂರ್ಯ ಕಂಡ. ಬಿಚ್ಚು ಎನ್ನುವವರು ಇರಲಿಲ್ಲ. ಅಲ್ಲಿಯೇ ಪೇರಲ ಗಿಡದ ಬುಡದಲ್ಲಿ ಕೂತು ಅವನು ಅತ್ತ. ಮಾಸ್ತರು ಸತ್ತ ದಿನವೂ ಅವನು ಅಷ್ಟು ಅತ್ತಿರಲಿಲ್ಲ.

ಸಂಜೆ ನೀರು ಸೇದಿದ. ಗಿಡಗಳಿಗೆ ಸಾಕಾದ ಮೇಲೂ ಸೇದಿದ. ನೀರು ಹಿಂಗೋಡೆಗೆ ಬಂದು, ಸೋರಿ, ಕಂಡಿಯಿಂದ ಆಚೆ ಹೋಯಿತು. ಆಚೆಯಿಂದ ಯಾವ ಸಪ್ಪಳವೂ ಬರಲಿಲ್ಲ. ಮರುದಿನವೂ ಬರಲಿಲ್ಲ. ಬಾನಿ ತುಂಬಿ ಹರಿದು ನೆಲಕ್ಕೆ ಹೋಗುತ್ತಿರಬೇಕು ಎಂದುಕೊಂಡೇ ಅವನು ಸೇದಿದ. ಕೆಲವು ದಿನ ಕಳೆದ ಮೇಲೆ ಒಂದು ಸಂಜೆ ಕಲ್ಲಿಗೆ ಕೊಡ ತಾಗಿದ ಸಪ್ಪಳ ಕೇಳಿಸಿತು. ಆಮೇಲೆ ಇನ್ನೊಂದು.

ಆದರೆ ಅವನಿಗೆ ಸಂತೋಷವಾಗಲಿಲ್ಲ. ಒಂದು ಭಯ ಹೊಕ್ಕಿತ್ತು. ಮಾಸ್ತರು ಯಾರಿಗೂ ಹೇಳದೆ ಹೋದರು, ಅದಕ್ಕೇ ಅವರ ಪ್ರೀತಿಯ ಶಿಷ್ಯ ಪ್ರೀತಿಯಿಂದಲೇ ಸಂದು ಮುಚ್ಚಿದ. ನಾಳೆ ತಾನು ಸತ್ತರೆ ತನ್ನ ಮೇಲೆ ಪ್ರೀತಿ ಇದ್ದವರು ಯಾರಾದರೂ ಇದನ್ನು ಮುಚ್ಚದೆ ಬಿಡುವರೇ? ಹೀಗೆ ಯೋಚಿಸಿ ಅವನು ಇಂದ್ರವ್ವನಿಗೆ ಎಲ್ಲ ಹೇಳಿದ. ಅವಳು ನಂಬಲಿಲ್ಲ. ಹೆಸರು ಕೆಡಿಸಿಕೊಂಡು ಕೂಳಿಗೆ ಏನು ಮಾಡುವುದು, ಕೇರಿಯವರಿಗಾಗಿ ನಮ್ಮ ಮಕ್ಕಳು ಉಪವಾಸ ಬೀಳಬೇಕೇ ಎಂದು ಕೇಳಿದಳು. ಅವಳು ಕೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅವನು ವಾದ ಮಾಡದೆ ಅವಳನ್ನು ಗೋಡೆಯ ಆಚೆ ಕರೆದುಕೊಂಡು ಹೋದ.

ಕರೆವ್ವ ಬಾನಿಯಲ್ಲಿ ಕೊಡ ಅದ್ದುತ್ತಿದ್ದಳು. ಇವರನ್ನು ಕಂಡು ಬಾನಿ ಬಿಟ್ಟು ಸರಿಯಲಿಲ್ಲ. ಇಂದ್ರವ್ವನ ಕಣ್ಣು ಕಲ್ಲಿನ ಸವೆದ ಅಂಚಿನ ಮೇಲೆ ನಿಂತಿತು. ಸತ್ತ ಹುಡುಗಿಯ ವಿಷಯಕ್ಕೆ ಎರಡು ಮಾತು ಆಡಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಕರೆವ್ವನೇ ಮಾತಾಡಿದಳು.

"ಸೋರಿದ್ರ ತುಂಬಿಕೋತೀವಿ, ನಿಂತ್ರ ಸಾಯ್ತೀವಿ. ನಮ್ಮದು ಅಂತ ಒಂದು ಕೊಡ ನೀರು ಯಾವಾಗ ಆಗತೈತವ್ವಾ?"

ಕರೆವ್ವ ಉತ್ತರಕ್ಕೆ ಕಾಯಲಿಲ್ಲ. ಕೊಡ ಎತ್ತಿ ಸೊಂಟಕ್ಕೆ ಇಟ್ಟುಕೊಂಡು ಗುಡಿಸಲ ಕಡೆ ಹೋದಳು.

ದೋಣಿಯ ಸುದ್ದಿ ಊರು ದಾಟಿತು. ಸೋರುವ ದೋಣಿಯನ್ನು ಗುರು ಶಿಷ್ಯನಿಗೆ ಉಂಬಳಿ ಕೊಟ್ಟು ಹೋಗಿದ್ದಾನೆ ಎಂದು ಚಾವಡಿಯಲ್ಲಿ ನಕ್ಕರು. ಗೌಡ ನಗಲಿಲ್ಲ, ನಗುವವರನ್ನು ತಡೆಯಲೂ ಇಲ್ಲ. ಮೂಡಲಗಿಯಿಂದ ಗಾಡಿ ಮಾಡಿಸಲು ಬರಬೇಕಾದವರು ಬರಲಿಲ್ಲ. ಮಳೆ ಬಂತು. ಕೇರಿಯಲ್ಲಿ ಬೇನೆ ಇಳಿಯಿತು. ಇಳಿದದ್ದು ಸೋರಿದ ನೀರಿನಿಂದಲೋ ಮಳೆಯಿಂದಲೋ ಹೇಳುವವರಿಲ್ಲ. ಪಡಸಾಲೆಯಲ್ಲಿ ಮಾಸ್ತರರ ಫೋಟೋ ಬಂದು, ಅದಕ್ಕೆ ಅವರದೇ ತೋಟದ ಮಲ್ಲಿಗೆಯ ಮಾಲೆ ಬಿತ್ತು.

ಮೇಲವಂಕಿಯ ಅಲ್ಲಪ್ಪ ಅರ ಹಾಕಲೆಂದು ತನ್ನ ಎರಡನೆಯ ಗಾಲಿಯನ್ನು ಅಣ್ಣಪ್ಪನಲ್ಲಿಯೇ ಬಿಟ್ಟು ಹೋಗಿದ್ದ. ಅದನ್ನು ಒಯ್ಯಲು ಬಂದ. ಅರ ಇನ್ನೂ ಹಾಕಿರಲಿಲ್ಲ. ಇರಲಿ, ಹುಕ್ಕೇರಿಯಲ್ಲಿ ಒಬ್ಬ ಹೊಸ ಬಡಗಿ ಇದ್ದಾನೆ, ಅಲ್ಲಿ ಹಾಕಿಸುತ್ತೇನೆ ಎಂದು ಗಾಡಿಗೆ ಏರಿಸಿದ. ಕೆಟ್ಟ ಮನಸ್ಸಿನಿಂದಲ್ಲ, ಸಲಿಗೆಯಿಂದಲೇ ಕೇಳಿದ.

"ಏನಾತೋ ಅಣ್ಣಪ್ಪಾ? ಸಾಗವಾನಿ ದೋಣಿ ಸೋರತೈತಂತ. ಖರೇನು?"

ಅಣ್ಣಪ್ಪ ತಲೆ ತಗ್ಗಿಸಿ ಉಳಿ ಮಸೆಯುತ್ತಿದ್ದ. ಹೊಸ್ತಿಲ ಮೇಲೆ ಇಂದ್ರವ್ವ ನಿಂತಿದ್ದಳು. ಊರಲ್ಲೆಲ್ಲ ಗಂಡನ ಕೈಯ ಹೆಸರು ಹೇಳಿ ಮೆರೆದವಳು ಅವಳೇ. ಯಾರಾದರೂ ಅವನ ಕೆಲಸಕ್ಕೆ ಹೆಸರಿಟ್ಟರೆ ನೀರು ಸೇದುವ ಕಡೆ ಜಗಳಕ್ಕೆ ನಿಲ್ಲುತ್ತಿದ್ದಳು. ಈಗ ಎಲ್ಲ ಹೇಳಿಬಿಡುತ್ತಾಳೆ ಎಂದು ಅವನು ಮಸೆಯುವುದನ್ನು ನಿಲ್ಲಿಸಿದ.

ಅವಳು ಸೆರಗು ಸರಿಮಾಡಿಕೊಂಡಳು.

"ಹೌದ್ರಿ ಅಣ್ಣಾರ. ಅವರ ಕೈ ಮೊದಲಿನಂಗ ಇಲ್ಲ."

ಅಲ್ಲಪ್ಪ ಪಾಪ ಎಂದು ಎತ್ತುಗಳನ್ನು ಹೂಡಿದ. ಅವನ ಗಾಡಿ ತಿರುವು ದಾಟುವವರೆಗೆ ಇಂದ್ರವ್ವ ಅಲ್ಲಿಯೇ ನಿಂತಿದ್ದಳು. ಆಮೇಲೆ ಗೂಟದಿಂದ ಬಾವಿಯ ಹಗ್ಗ ತೆಗೆದು ಹೆಗಲಿಗೆ ಹಾಕಿಕೊಂಡು, ಹೊತ್ತಾಯಿತು ಎಂದು ಗಂಡನಿಗೆ ಹೇಳಿ, ತೋಟದ ಕಡೆ ಮುಂದೆ ನಡೆದಳು.